ಕಾಳಿನ ಹಿಟ್ಟು ಕುಡಿಸಿದ ಬೇಸಿಗೆ

ಆ ವರ್ಷ ಬೇಸಿಗೆ ರಜೆಗೆ ಕೃಷ್ಣರಾಜನಗರದ ಪಕ್ಕದ ನಮ್ಮೂರಿಗೆ ಬಂದು ಕಾಲು ತೊಳೆಯುತ್ತಿದ್ದಾಗಲೇ ಅವ್ವ ಹೇಳಿದಳು: "ನಿಮ್ಮಕ್ಕನ ಮಗೀಗೆ ಯಾಕೋ ಮೈ ಚೆನ್ನಾಗಿಲ್ವಂತೆ. ನಿಮ್ಮಕ್ಕನೂ ಈಗ ಏಳು ತಿಂಗಳ ಬಸುರಿ. ನಾಕು ದಿನ ಇದ್ದು ಕೆಲಸಕ್ಕೆ ಆಸರೆಯಾಗಿ ಬಾ."

ನಾನಾಗ ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದೆ. ರಸಾಯನಶಾಸ್ತ್ರ ನನ್ನ ವಿಷಯ. ಕೊನೆಯ ವರ್ಷ ಬಾಕಿಯಿತ್ತು. ನಮ್ಮಂಥ ಒಕ್ಕಲು ಮನೆಯ ಹೆಣ್ಣುಮಕ್ಕಳು ಅಷ್ಟು ದೂರ ಓದುತ್ತಿರಲಿಲ್ಲ. ಅಪ್ಪನಿಗೆ ನಾಲೆಯ ನೀರು ಬಂದು ಗದ್ದೆ ಎರಡು ಬೆಳೆ ಕೊಡತೊಡಗಿದ ಮೇಲೆ ಒಂದು ಹುಮ್ಮಸ್ಸು ಹುಟ್ಟಿತ್ತು. ಆ ಹುಮ್ಮಸ್ಸಿನಲ್ಲೇ ನನ್ನನ್ನು ಮೈಸೂರಿಗೆ ಕಳಿಸಿದ. ಅಕ್ಕನ ಪಾಲಿಗೆ ಆ ನೀರು ತಡವಾಗಿ ಬಂತು. ಅವಳನ್ನು ಅದಕ್ಕೂ ಮುಂಚೆಯೇ ಹುಣಸೂರಿನ ಆಚೆ, ವೀರನಹೊಸಹಳ್ಳಿಗೆ ಎರಡು ಮೈಲಿ ದೂರದ ಒಂದು ಕಾಡಂಚಿನ ಹಳ್ಳಿಗೆ ಕೊಟ್ಟಾಗಿತ್ತು. ಅದು ಮಳೆ ನಂಬಿದ ಬೆದ್ದಲು ಸೀಮೆ. ರಾಗಿ, ಹುರುಳಿ, ಅವರೆ, ಅಷ್ಟೇ.

ಯುದ್ಧದ ದಿನಗಳು. ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು ಹುಣಸೂರು ಮುಟ್ಟುವಷ್ಟರಲ್ಲಿ ಮೂರು ಕಡೆ ನಿಂತಿತು. ಅಲ್ಲಿಂದ ಮುಂದೆ ಭಾವ ಕಳಿಸಿದ್ದ ಗಾಡಿ. ಮನೆ ಸೇರಿದಾಗ ಅಕ್ಕ ಒಲೆಯ ಮುಂದಿದ್ದಳು, ಅಕ್ಕನ ಅತ್ತೆ ಜಗಲಿಯಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ನೋಡವ್ವ, ನಿಮ್ಮಕ್ಕ ಸುಮ್ನೆ ಎದರ್ಕೊಂಡವ್ಳೆ. ಮಗ ಎಂಗೆ ದುಂಡಗೆ ಆಗದೆ" ಎಂದರು.

ಎರಡು ತುಂಬಿದ ಹೆಣ್ಣುಮಗು. ಕೆನ್ನೆ ಉಬ್ಬಿ ಕಣ್ಣು ಸಣ್ಣಗಾಗಿದ್ದವು. ಪಾದಗಳು ದಪ್ಪಗಿದ್ದವು. ಹಿಂದಿನ ದಸರೆಯಲ್ಲಿ ನೋಡಿದಾಗ ಈ ಮಗು ನನ್ನ ಜಡೆ ಹಿಡಿದು ಎಳೆದು ಕೇಕೆ ಹಾಕಿತ್ತು. ಈಗ ಎತ್ತಿಕೊಂಡರೆ ಅಳಲಿಲ್ಲ, ನಗಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಪಾದದ ಮೇಲೆ ಬೆರಳೊತ್ತಿದೆ. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಕೂದಲು ಕೆಂಚಾಗಿ ತೆಳ್ಳಗಾಗಿತ್ತು. ತೊಡೆಯ ಚರ್ಮ ಅಲ್ಲಲ್ಲಿ ಕಪ್ಪಾಗಿ ಸಿಪ್ಪೆಯಂತೆ ಏಳುತ್ತಿತ್ತು.

"ಏನು ತಿನ್ನಿಸ್ತೀರಿ ಇವಳಿಗೆ?" ಎಂದು ಅಕ್ಕನನ್ನು ಕೇಳಿದೆ.

"ರಾಗಿ ಗಂಜಿ. ಬೆಲ್ಲ ಹಾಕಿ ಕೊಡ್ತೀನಿ. ಬಸುರಾದ ಮೇಲೆ ಮೊಲೆ ಬುಡ್ಸಿದ್ದೀನಲ್ಲ."

"ಹಾಲು?"

ಅಕ್ಕ ಅತ್ತೆಯ ಕಡೆ ನೋಡಿದಳು. ಕರೆಯುತ್ತಿದ್ದ ಒಂದೇ ಹಸುವನ್ನು ಸಂಕ್ರಾಂತಿಯ ಮುಂಚೆ ಹುಲಿ ಹಿಡಿದಿತ್ತು. ಇನ್ನೊಂದು ಗಬ್ಬವಾಗಿತ್ತು, ಕರು ಹಾಕಲು ತಿಂಗಳುಗಳಿದ್ದವು.

ನನಗೆ ಆ ಕ್ಷಣಕ್ಕೆ ನೆನಪಾದದ್ದು ನಮ್ಮ ಪ್ರೊಫೆಸರರ ಒಂದು ಪಾಠ. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಸರಪಳಿ ಎಂದು ಅವರು ಕರಿಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಬರೆದಿದ್ದರು. ಪ್ರತಿ ಅಮೈನೋ ಆಮ್ಲಕ್ಕೂ ಎರಡು ಕೈ, ಒಂದು ಅಮೈನೋ ಗುಂಪು, ಒಂದು ಆಮ್ಲದ ಗುಂಪು. ಒಂದರ ಆಮ್ಲದ ಕೈ ಇನ್ನೊಂದರ ಅಮೈನೋ ಕೈಯನ್ನು ಹಿಡಿಯುತ್ತದೆ. ಹಿಡಿಯುವಾಗ ನಡುವಿನಿಂದ ಒಂದು ನೀರಿನ ಅಣು ಹೊರಗೆ ಹೋಗುತ್ತದೆ. ಹೀಗೆ ನೂರಾರು ಸೇರಿದರೆ ಒಂದು ಪ್ರೋಟೀನ್. ಅಮೈನೋ ಆಮ್ಲಗಳು ಇಪ್ಪತ್ತರಷ್ಟು ಬಗೆ. ಅವು ಯಾವ ಸಾಲಿನಲ್ಲಿ ಕೂತಿವೆ ಎಂಬುದು ಆಗ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾಂಸ, ಕೂದಲು, ಉಗುರು, ಚರ್ಮ, ರಕ್ತದ ಕೆಂಪು, ಹೊಟ್ಟೆಯಲ್ಲಿ ಅನ್ನ ಕರಗಿಸುವ ರಸ, ಎಲ್ಲವೂ ಇದರದೇ ಕೆಲಸ ಎಂದಿದ್ದರು. ನಾನು ಅದನ್ನು ಪರೀಕ್ಷೆಗೆಂದು ಬರೆದುಕೊಂಡಿದ್ದೆ. ಅಕ್ಕನ ಜಗಲಿಯಲ್ಲಿ ಕೂತು ನೋಡಿದರೆ ಆ ಪಟ್ಟಿಯಲ್ಲಿದ್ದದ್ದೆಲ್ಲ ಈ ಮಗುವಿನ ಮೈಯಲ್ಲಿ ಕೆಡುತ್ತಿತ್ತು. ಕೂದಲು, ಚರ್ಮ, ಮಾಂಸ.

"ಅತ್ತೆ, ಇದು ದುಂಡಗಾಗಿರೋದಲ್ಲ, ಊತ" ಎಂದೆ. ಅಕ್ಕನ ಅತ್ತೆಯನ್ನು ನಾನೂ ಅತ್ತೆ ಎಂದೇ ಕರೆಯುತ್ತಿದ್ದೆ. "ಕಾಳು ಕೊಡಬೇಕು. ಹುರುಳಿ ಹುರಿದು ಹಿಟ್ಟು ಮಾಡಿ ಗಂಜಿಗೆ ಹಾಕೋಣ."

ಅವರ ಮುಖ ಬಿಗಿಯಿತು. "ಎಳೇ ಮಕ್ಕಳಿಗೆ ಕಾಳು ಕೊಡಾಕಿಲ್ಲ ಈ ಮನೇಲಿ."

ಮಾರನೆಯ ದಿನ ಅತ್ತೆ ಹೊಲಕ್ಕೆ ಹೋದಾಗ ನಾನೇ ಹುರುಳಿ ಹುರಿದು, ಒರಟಾಗಿ ಬೀಸಿ, ಒಂದು ಹಿಡಿ ಹಿಟ್ಟನ್ನು ಗಂಜಿಯಲ್ಲಿ ಕದಡಿ ಮಗುವಿಗೆ ಕುಡಿಸಿದೆ. ಓದಿದವಳೆಂಬ ಸೊಕ್ಕು ಅದು, ಈಗ ಒಪ್ಪಿಕೊಳ್ಳುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಮಗುವಿಗೆ ಭೇದಿ ಹತ್ತಿತು. ಅತ್ತೆ ಬಂದವರು ನನ್ನನ್ನು ಬೈಯಲಿಲ್ಲ. ಮಗುವಿನ ಕುಂಡೆ ತೊಳೆದು, ಸೀರೆಯ ಸೆರಗಿನಲ್ಲಿ ಒರೆಸಿ, ತಮ್ಮ ಪಕ್ಕದಲ್ಲಿ ಮಲಗಿಸಿಕೊಂಡು ಹೇಳಿದರು:

"ನನ್ನ ಎರಡ್ನೇ ಮಗಳಿಗೂ ಇಷ್ಟೇ ವಯಸ್ಸು. ಅವರೆ ಒಲದಲ್ಲಿ ಕೂರ್ಸಿ ಕಳೆ ಕೀಳ್ತಿದ್ದೆ. ಅಸೀ ಕಾಳು ಬಿಡಿಸ್ಕೊಂಡು ತಿಂದವ್ಳೆ. ಸಂಜೆಗೆ ವಾಂತಿ, ಭೇದಿ. ಮೂರ್ನೇ ದಿನ ಮಣ್ಣು ಮಾಡ್ದೊ. ಆವತ್ತಿಂದ ಮೂರು ವರ್ಷ ತುಂಬೋಗಂಟ ಯಾವ ಮಗೀಗೂ ನಾನು ಕಾಳು ಮುಟ್ಟಿಸಿಲ್ಲ. ನೀನು ಓದಿರೋಳು, ಸರಿ. ನಾನು ಮಗೀನ ಎತ್ತಿರೋಳು ಕಣವ್ವ, ಎತ್ತ ಮಗೀನ ಮಣ್ಣಲ್ಲಿ ಊಳಿರೋಳು."

ಆದರೂ ಬಿಟ್ಟುಬಿಡೋಣ ಎಂದು ನನಗೆ ಅನ್ನಿಸಲಿಲ್ಲ. ಸಾಯಂಕಾಲ ಭಾವನ ಹತ್ತಿರ ಹೋಗಿ, ಗಾಡಿ ಕಟ್ಟಿ, ಮಗುವನ್ನು ಹುಣಸೂರಿನ ಆಸ್ಪತ್ರೆಗೆ ತೋರಿಸಿಕೊಂಡು ಬರುತ್ತೇನೆ ಎಂದೆ. ಭಾವ ಮಾತು ಕಡಿಮೆಯ ಮನುಷ್ಯ. ತಾಯಿಯ ಮುಖ ನೋಡಿ, ಆಮೇಲೆ ಮಗುವಿನ ಕಾಲು ನೋಡಿ, "ಬೆಳಿಗ್ಗೆ ಓಗಾಣ" ಎಂದ. ಅತ್ತೆ ತಾವೂ ಬರುವುದಾಗಿ ಹೇಳಿ ಗಾಡಿ ಹತ್ತಿದರು.

ಆಸ್ಪತ್ರೆಯ ಡಾಕ್ಟರು ವಯಸ್ಸಾದವರು, ನಿಧಾನದವರು. ಮಗುವನ್ನು ನೋಡಿ, "ಮೂತ್ರಪಿಂಡ ಕೆಟ್ಟರೂ ಹೀಗೇ ಊದ್ತದೆ. ಮೊದಲು ಅದನ್ನ ನೋಡಬೇಕು" ಎಂದರು. ನಾನು ಏನು ಓದುತ್ತಿದ್ದೇನೆಂದು ತಿಳಿದ ಮೇಲೆ ಮೂತ್ರವಿದ್ದ ಗಾಜಿನ ನಳಿಗೆಯನ್ನು ನನ್ನ ಕೈಗೇ ಕೊಟ್ಟರು. "ಕೆಮಿಸ್ಟ್ರಿ ಓದ್ತೀರಲ್ಲ, ನೀವೇ ಕಾಯಿಸಿ."

ಸ್ಪಿರಿಟ್ ದೀಪದ ಮೇಲೆ ಹಿಡಿದೆ. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಡಾಕ್ಟರು ಅವರಿಗೆ ವಿವರಿಸಿದರು: "ನೋಡಮ್ಮ, ಮೊಟ್ಟೆಯ ಬಿಳಿ ಕಾಯಿಸಿದರೆ ಗಟ್ಟಿಯಾಗ್ತದಲ್ಲ, ಅದೇ ಜಾತಿಯ ಪದಾರ್ಥ ನಮ್ಮ ರಕ್ತದಲ್ಲೂ ಇದೆ. ಆಲ್ಬುಮಿನ್ ಅಂತ. ನೀರು ರಕ್ತನಾಳದಿಂದ ಆಚೆ ಸೋರದ ಹಾಗೆ ಹಿಡಿದಿಡೋದು ಅದರ ಕೆಲಸ. ಮೂತ್ರಪಿಂಡ ಕೆಟ್ಟಿದ್ದರೆ ಅದು ಮೂತ್ರದಲ್ಲಿ ಹೋಗಿಬಿಡ್ತದೆ. ಹಾಗಾಗಿದ್ದರೆ ಇದು ಈಗ ಬೆಳ್ಳಗೆ ಒಡೀಬೇಕು."

ಮೂತ್ರ ಕುದಿಯಿತು. ಡಾಕ್ಟರು ಒಂದು ಹನಿ ಆಮ್ಲ ಹಾಕಿದರು. ತಿಳಿಯಾಗಿಯೇ ಉಳಿಯಿತು.

"ಸೋರಿ ಹೋಗ್ತಿಲ್ಲ" ಎಂದರು ಡಾಕ್ಟರು. "ಅಂದರೆ ಮೈ ಅದನ್ನ ತಯಾರು ಮಾಡ್ತಾನೇ ಇಲ್ಲ. ಮಾಡೋದಕ್ಕೆ ಬೇಕಾದ ಸಾಮಾನು ಹೊಟ್ಟೆಗೆ ಬಿದ್ದಿಲ್ಲ. ಔಷಧಿ ಇಲ್ಲಮ್ಮ ಇದಕ್ಕೆ, ಊಟವೇ ಔಷಧಿ. ಹಾಲಿಲ್ಲದಿದ್ದರೆ ಮಜ್ಜಿಗೆ, ಮೊಟ್ಟೆ, ಬೇಳೆಕಾಳು." ಹಿಂದಿನ ದಿನ ನಾನು ಹಿಟ್ಟು ಕುಡಿಸಿದ್ದನ್ನು ಹೇಳಿದೆ. ಅವರು ನನ್ನ ಕಡೆ ತಿರುಗಿದರು. "ಒಂದು ಹಿಡಿ ಹಿಟ್ಟು ಒಟ್ಟಿಗೇ ಕೊಟ್ಟಿರಾ? ಒಳ್ಳೆ ಹುಡುಗಿ. ಕರಗಿಸೋ ರಸವೂ ಪ್ರೋಟೀನೇ ಅಲ್ಲವೇ? ಅದೂ ಈ ಮಗುವಿನಲ್ಲಿ ಬತ್ತಿಹೋಗಿದೆ. ಚಮಚದ ಲೆಕ್ಕದಲ್ಲಿ ಶುರು ಮಾಡಿ. ಎರಡೆರಡು ಗಂಟೆಗೊಮ್ಮೆ."

ನನಗೆ ಗೊತ್ತಿದ್ದ ಸಂಗತಿಯೇ ಅದು. ಬರೆದುಕೊಂಡಿದ್ದೆ, ಯೋಚಿಸಿರಲಿಲ್ಲ.

ಗಾಡಿ ಅರ್ಧ ದಾರಿ ಬಂದಾಗ ಅತ್ತೆ ನನ್ನ ಕಡೆ ತಿರುಗಿದರು. "ಅದೇನು ಸಾಮಾನು, ನಿನ್ನ ಪುಸ್ತಕದಲ್ಲಿರೋದು? ಬಿಡಿಸಿ ಯೋಳು" ಎಂದರು.

ನಾನು ಹೇಳಿದೆ. ನಾವು ತಿಂದ ಕಾಳು ಮೈಯಲ್ಲಿ ಕಾಳಾಗಿ ಉಳಿಯುವುದಿಲ್ಲ. ಅದರ ಪ್ರೋಟೀನಿನ ಸರವನ್ನು ಹೊಟ್ಟೆ ಬಿಡಿಬಿಡಿ ಮಾಡುತ್ತದೆ. ಮೈ ಆ ಬಿಡಿ ಮಣಿಗಳನ್ನು ತನಗೆ ಬೇಕಾದ ಹಾಗೆ ಮತ್ತೆ ಪೋಣಿಸಿಕೊಳ್ಳುತ್ತದೆ, ಕೂದಲಿಗೆ ಒಂದು ರೀತಿ, ರಕ್ತಕ್ಕೆ ಒಂದು ರೀತಿ. ಕೆಲವು ಬಗೆಯ ಮಣಿಗಳನ್ನು ಮೈಯೇ ಮಾಡಿಕೊಳ್ಳಬಲ್ಲದು. ಎಂಟು ಹತ್ತು ಬಗೆಯವನ್ನು ಮಾಡಿಕೊಳ್ಳಲಾರದು, ಅವು ಬಾಯಿಯಿಂದಲೇ ಹೋಗಬೇಕು. ಅವುಗಳಲ್ಲಿ ಒಂದು ಕಡಿಮೆ ಬಿದ್ದರೂ ಪೋಣಿಸುವ ಕೆಲಸ ನಿಲ್ಲುತ್ತದೆ, ಉಳಿದವು ಎಷ್ಟಿದ್ದರೂ ಪ್ರಯೋಜನವಿಲ್ಲ. ಮೈ ಅವನ್ನು ಕೂಡಿಡುವುದೂ ಇಲ್ಲ. ಧಾನ್ಯಗಳಲ್ಲಿ ಲೈಸೀನ್ ಎಂಬ ಒಂದು ಬಗೆ ಕಡಿಮೆ. ಅದು ಕಾಳುಗಳಲ್ಲಿ ಧಾರಾಳವಾಗಿದೆ.

ಅತ್ತೆ ಗಾಡಿಯ ಹಲಗೆ ಹಿಡಿದು ಕೇಳುತ್ತಿದ್ದರು. "ನೊಗ, ಈಸು, ಗಾಲಿ ಎಲ್ಲ ಇದ್ದು ಕಡಾಣಿ ಇಲ್ಲದಂಗೆ" ಎಂದರು.

ಗಾಲಿ ಅಚ್ಚಿನಿಂದ ಕಳಚದಂತೆ ಹಾಕುವ ಚಿಕ್ಕ ಕಬ್ಬಿಣದ ಕೀಲು ಅದು, ಕಡಾಣಿ. ಹೌದು ಎಂದೆ. ಮುಂದೆ ಇಪ್ಪತ್ತೆಂಟು ವರ್ಷ ಮೇಷ್ಟ್ರ ಕೆಲಸ ಮಾಡಿದೆ. ಈ ವಿಷಯಕ್ಕೆ ಅದಕ್ಕಿಂತ ಒಳ್ಳೆಯ ಮಾತು ನನಗೆ ಸಿಕ್ಕಲಿಲ್ಲ.

"ಸರಿ" ಎಂದರು ಅತ್ತೆ. "ಆದ್ರೆ ನೀನು ಮಾಡಿದ್ಯಲ್ಲ ಇಟ್ಟು, ಅದು ದನಕ್ಕೆ ಹಾಕೋದು. ನಾನು ಮಾಡ್ತೀನಿ."

ಅವರು ಹುರುಳಿಯನ್ನು ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರು. ನೆರಳಲ್ಲಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಸಿಪ್ಪೆ ತೂರಿದರು. ಸಣ್ಣ ಉರಿಯಲ್ಲಿ ಹದವಾಗಿ ಹುರಿದು, ಬೀಸಿ, ಹಳೆಯ ಸೀರೆಯ ತುಂಡಿನಲ್ಲಿ ಮೂರು ಸಲ ಜರಡಿ ಹಿಡಿದರು. ರಾಗಿಗೂ ಹಾಗೆಯೇ ಮೊಳಕೆ. ಮೊಳಕೆ ಬಂದಾಗ ಕಾಳು ತನ್ನ ಸರಪಳಿಗಳನ್ನು ತಾನೇ ಸ್ವಲ್ಪ ಬಿಡಿಸಿಕೊಂಡಿರುತ್ತದೆ, ಎಳೆಯ ಹೊಟ್ಟೆಗೆ ಹಗುರ ಎಂಬುದನ್ನು ನಾನು ಆಮೇಲೆ ಓದಿ ತಿಳಿದೆ. ಅತ್ತೆಗೆ ಅದು ಕೈಗೆ ಗೊತ್ತಿತ್ತು. ಬಾಣಂತಿಯರಿಗೆ ಅವರು ಮಾಡುತ್ತಿದ್ದದ್ದೇ ಹೀಗೆ.

ಮೊದಲ ಮೂರು ದಿನ ಪಕ್ಕದ ಮನೆಯಿಂದ ತಂದ ನೀರು ಮಜ್ಜಿಗೆ ಮಾತ್ರ, ಆಮೇಲೆ ಅದರ ಜೊತೆಗೆ ಒಂದು ಚಮಚ ಹಿಟ್ಟಿನ ತೆಳು ಗಂಜಿ. ಮಗು ಬಾಯಿ ತೆರೆಯುತ್ತಿರಲಿಲ್ಲ. ತುಟಿಗೆ ಒತ್ತಿ, ಕಾದು, ನುಂಗುವವರೆಗೂ ಕಾದು, ಮತ್ತೊಂದು. ಒಂದು ಬಟ್ಟಲು ಮುಗಿಯಲು ಒಂದೂವರೆ ಗಂಟೆ. ಅದು ಮುಗಿಯುವಷ್ಟರಲ್ಲಿ ಮುಂದಿನದರ ಹೊತ್ತು. ಅಕ್ಕನಿಗೆ ಬಗ್ಗಲಾಗುತ್ತಿರಲಿಲ್ಲ. ನಾನೂ ಅತ್ತೆಯೂ ಸರದಿಯಂತೆ ಕೂತೆವು. ನಾಲ್ಕು ದಿನವೆಂದು ಬಂದವಳು ಎರಡು ಸೀರೆಯಲ್ಲೇ ದಿನ ದೂಡುತ್ತಿದ್ದೆ.

ಎಂಟನೆಯ ದಿನಕ್ಕೆ ಊತ ಇಳಿಯತೊಡಗಿತು. ಆಗಲೇ ನಿಜವಾದ ಜಗಳ ಶುರುವಾದದ್ದು.

ಊತ ಇಳಿದ ಹಾಗೆ ಒಳಗಿದ್ದ ಮಗು ಕಾಣಿಸಿತು. ಉಬ್ಬಿದ ಕೆನ್ನೆಯ ಜಾಗದಲ್ಲಿ ಮೂಳೆ. ತೋಳು ನನ್ನ ಹೆಬ್ಬೆರಳಿನಷ್ಟು. ಪಕ್ಕೆಲುಬು ಎಣಿಸಬಹುದಿತ್ತು. ಹತ್ತನೆಯ ದಿನ ನೋಡಿದವರು ಯಾರೂ ಇದು ಗುಣವಾಗುತ್ತಿರುವ ಮಗು ಎನ್ನುತ್ತಿರಲಿಲ್ಲ. ಓಣಿಯ ಹೆಂಗಸರು ಬಂದು ನೋಡಿ ಬಾಯಿಗೆ ಸೆರಗು ಹಿಡಿದರು. "ದುಂಡಗಿದ್ದ ಮಗ ಎಂಗಾಗೋಯ್ತು" ಎಂದು ಒಬ್ಬಾಕೆ ಭಾವನ ಎದುರಿಗೇ ಹೇಳಿದಳು. ಭಾವ ಅದುವರೆಗೂ ಬೇಡವೆಂದು ಒಂದು ಮಾತೂ ಆಡದಿದ್ದವನು, ಹೊಲದಿಂದ ಬಂದು ಕೈಯ ಗುದ್ದಲಿಯನ್ನೂ ಇಳಿಸದೆ ನನ್ನೆದುರು ನಿಂತ.

"ಸಾಕು ನಿಲ್ಸು. ನನ್ನ ಮಗೀನ ಒಣಗಿಸ್ಬುಟ್ಟೆ."

"ಭಾವ, ಅದು ನೀರು. ಮೈಯಲ್ಲಿ ನಿಂತಿದ್ದ ನೀರು ಇಳಿದಿದೆ. ಇವಳು ಮೊದಲೇ ಇಷ್ಟು ಸಣ್ಣಗಿದ್ಲು, ನಮಗೆ ಕಾಣ್ತಿರಲಿಲ್ಲ. ರಕ್ತದಲ್ಲಿ ಆಲ್ಬುಮಿನ್ ಹುಟ್ಟಿರೋದಕ್ಕೇ ನೀರು ಇಳಿದಿರೋದು. ಈಗ ನಿಲ್ಲಿಸಿದ್ರೆ ಎಲ್ಲ ಹಾಳಾಗ್ತದೆ."

"ನಿನ್ನ ಪಾಠ ಮೈಸೂರಲ್ಲಿ ಯೋಳ್ಕೊ. ನಾಳೆ ಗಾಡಿ ಕಟ್ತೀನಿ, ಊರಿಗೆ ಒರಡು."

ನಾನು ಗೋಡೆಗೊರಗಿ ನಿಂತೆ. ನಾನು ಸರಿಯೆಂದು ನನಗೆ ಗೊತ್ತಿತ್ತು, ಆದರೆ ಅದು ಪುಸ್ತಕದಿಂದ ಗೊತ್ತಿದ್ದದ್ದು. ನನ್ನೆದುರು ಮಲಗಿದ್ದದ್ದು ಮಗು. ತಪ್ಪಿದ್ದರೆ? ಆ ಪ್ರಶ್ನೆಯನ್ನು ನಾನು ಅವತ್ತು ಕೇಳಿಕೊಂಡದ್ದು ನಿಜ. ಕೇಳಿಕೊಂಡೂ ಹೊರಡುವುದಿಲ್ಲ ಎಂದು ತೀರ್ಮಾನಿಸಿದೆ.

"ನಾನು ಹೋಗಲ್ಲ ಭಾವ. ಗಾಡಿ ಕಟ್ಟಿದ್ರೂ ಹತ್ತಲ್ಲ."

ಒಳಗಿನಿಂದ ಅಕ್ಕ ಬಂದಳು. ಗಂಡನೆದುರು ದನಿ ಎತ್ತಿದವಳೇ ಅಲ್ಲ ಅವಳು. ಬಾಗಿಲ ಚೌಕಟ್ಟು ಹಿಡಿದುಕೊಂಡು, "ಇನ್ನೆಂಟು ದಿನ ನೋಡಾಣ. ಆಮೇಲೆ ನೀವು ಯೋಳ್ದಂಗೆ" ಎಂದಳು.

ಭಾವ ತಾಯಿಯ ಕಡೆ ತಿರುಗಿದ. ಅತ್ತೆ ಮಗುವಿನ ಬಟ್ಟಲನ್ನು ಬೂದಿ ಹಾಕಿ ತಿಕ್ಕುತ್ತಿದ್ದರು. ತಲೆ ಎತ್ತಲಿಲ್ಲ.

"ಆ ಗಾಜಲ್ಲಿ ಕಾಯಿಸಿದ್ದ ನಾನೂ ನೋಡಿವ್ನಿ ಕಣೋ" ಎಂದರು. "ಒಡೀನಿಲ್ಲ. ಎಂಟು ದಿನ ಬುಡು."

ಆ ಎಂಟು ದಿನ ನಾನು ಊರ ಕೆರೆಯ ಕಡೆಗೂ ಹೋಗಲಿಲ್ಲ. ಯಾರ ಕಣ್ಣಿಗೂ ಬೀಳುವುದು ಬೇಡವಾಗಿತ್ತು. ಗಂಜಿಯನ್ನು ಸ್ವಲ್ಪ ಗಟ್ಟಿ ಮಾಡಿದೆವು, ಹಿಟ್ಟು ಎರಡು ಚಮಚವಾಯಿತು. ಮರಿ ಮಾಡಿಸಲೆಂದು ಕೋಳಿಯ ಕೆಳಗಿಟ್ಟಿದ್ದ ಮೊಟ್ಟೆಗಳ ಪಕ್ಕದಲ್ಲಿ ಇನ್ನೊಂದು ಕೋಳಿ ಹೊಸದಾಗಿ ಇಟ್ಟದ್ದನ್ನು ಅತ್ತೆಯೇ ತಂದು, ಬೇಯಿಸಿ, ಕಾಲು ಭಾಗ ಕಿವುಚಿ ಕೊಟ್ಟರು. "ಉಷ್ಣ ಆದ್ರೆ ನೋಡಾಣ" ಎಂದರು. ಉಷ್ಣ ಆಗಲಿಲ್ಲ.

ಆರನೆಯ ದಿನ ಬೆಳಗಿನ ಬಿಸಿಲಲ್ಲಿ ಅತ್ತೆ ಕುಡಿಸುತ್ತಿದ್ದರು. ನಾನು ಪಕ್ಕದಲ್ಲಿ ಕಾಳು ಕೇರುತ್ತಿದ್ದೆ. ಬಟ್ಟಲು ಮುಗಿಯಿತೆಂದು ಅವರು ಕೆಳಗಿಟ್ಟರು. ಮಗು ಕೈ ಚಾಚಿ ಬಟ್ಟಲಿನ ಅಂಚು ಹಿಡಿಯಿತು.

"ಇನ್ನ" ಎಂದಿತು.

ಎರಡು ತಿಂಗಳಿಂದ ಆ ಮಗು ಮಾತಾಡಿರಲಿಲ್ಲ ಎಂದು ಅಕ್ಕ ಆಮೇಲೆ ಹೇಳಿದಳು. ಅತ್ತೆ ಎರಡನೆಯ ಬಟ್ಟಲು ತರಲು ಎದ್ದವರು, ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ನಾನು ಹೋಗಿ ನೋಡಿದರೆ ಬೀಸುವ ಕಲ್ಲಿನ ಹತ್ತಿರ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ತೀರಿಹೋದ ಮಗಳ ಹೆಸರನ್ನು ಒಂದು ಸಲ ಹೇಳಿದರು. ನಾನು ಬಟ್ಟಲು ತುಂಬಿಕೊಂಡು ಹೊರಗೆ ಬಂದೆ.

ಅದೇ ವಾರ ಮಗು ನಕ್ಕಿತು, ಆಮೇಲೆ ಸಿಟ್ಟು ಮಾಡಿತು, ಆಮೇಲೆ ಅತ್ತಿತು. ಅದು ಅತ್ತದ್ದಕ್ಕೆ ಮನೆಯವರೆಲ್ಲ ಸಂತೋಷಪಟ್ಟದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಭಾವ ಹುಣಸೂರಿಗೆ ಹೋದವನು ಒಂದು ಸೇರು ತೊಗರಿಬೇಳೆ ತಂದು ನನ್ನ ಮುಂದಿಟ್ಟು ಹೋದ.

ಅಕ್ಕನಿಗೆ ಹೆರಿಗೆಯಾಗಿ ಬಾಣಂತನ ಮುಗಿಯುವವರೆಗೂ ನಾನು ಅಲ್ಲೇ ಉಳಿದೆ. ಕಾಲೇಜು ತೆರೆದು ಮೂರು ತಿಂಗಳು ಕಳೆದಿತ್ತು. ಹಾಜರಿ ಸಾಲದೆ ಆ ವರ್ಷ ಪರೀಕ್ಷೆಗೆ ಕೂರಿಸಲಿಲ್ಲ. ಅಪ್ಪ ಮುಖ ಸಣ್ಣ ಮಾಡಿದ. ನಾನು ಇನ್ನೊಂದು ವರ್ಷ ಓದುತ್ತೇನೆ ಎಂದೆ, ಓದಿದೆ. ಆ ಹೆಚ್ಚಿನ ವರ್ಷದಲ್ಲಿ ಪ್ರೊಫೆಸರರು ನನ್ನ ಕಥೆ ಕೇಳಿ, ಪ್ರಯೋಗಶಾಲೆಯ ಒಂದು ಮೂಲೆ ಬಿಟ್ಟುಕೊಟ್ಟರು. ಊರಿನ ಹುರುಳಿ, ಅವರೆ, ರಾಗಿಗಳನ್ನು ಆಮ್ಲದಲ್ಲಿ ಕುದಿಸಿ ಅವುಗಳಲ್ಲಿರುವ ಸಾರಜನಕ ಅಳೆದೆ. ಸಾರಜನಕ ಎಷ್ಟಿದೆಯೆಂದು ತಿಳಿದರೆ ಪ್ರೋಟೀನ್ ಎಷ್ಟೆಂದು ಅಂದಾಜು ಸಿಗುತ್ತದೆ. ದೊಡ್ಡ ಸಂಶೋಧನೆಯೇನಲ್ಲ. ಆದರೆ ಅತ್ತೆ ಮೂರು ಸಲ ಜರಡಿ ಹಿಡಿದ ಹಿಟ್ಟಿನಲ್ಲಿ ಏನಿತ್ತು ಎಂಬುದನ್ನು ನನ್ನ ಕೈಯಾರೆ ನೋಡಬೇಕಿತ್ತು, ನೋಡಿದೆ.

ಆಮೇಲೆ ಪಿರಿಯಾಪಟ್ಟಣದಲ್ಲಿ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿಯಾದೆ. ಮೊದಲ ರಜೆಗೆ ಅಕ್ಕನ ಮನೆಗೆ ಹೋದಾಗ ಎರಡನೆಯ ಮಗು ಅಂಬೆಗಾಲಿಡುತ್ತಿದ್ದ ಕಾಲ ಮುಗಿದು ಓಡಾಡುತ್ತಿತ್ತು. ಮೈ ಗಟ್ಟಿಯಾಗಿತ್ತು. ಜಗಲಿಯ ಮೇಲೆ ಮೊಳಕೆ ಹುರುಳಿ ಒಣಗುತ್ತಿತ್ತು. ಪಕ್ಕದ ಮನೆಯ ಸೊಸೆ ಅತ್ತೆಯಿಂದ ಹಿಟ್ಟು ಮಾಡುವ ಕ್ರಮ ಕೇಳಿಕೊಳ್ಳುತ್ತಿದ್ದಳು.

"ಎಳೇ ಮಗೀಗೆ ಕಾಳು ಆಯ್ತದಾ ಅಜ್ಜಿ?" ಎಂದು ಅವಳು ಅನುಮಾನದಿಂದ ಕೇಳಿದಳು.

"ಆಯ್ತದೆ. ನಮ್ಮನೇಲಿ ಮೊದ್ಲಿಂದ್ಲೂ ಇಂಗೇ ಕೊಡೋದು" ಎಂದರು ಅತ್ತೆ, ನನ್ನ ಮುಖವನ್ನೇ ನೋಡುತ್ತ, ಕಣ್ಣು ಮಿಟುಕಿಸದೆ. ನಾನು ತಲೆಯಾಡಿಸಿದೆ.

ಎಲ್ಲ ಕಡೆಯೂ ಹಾಗಾಗಲಿಲ್ಲ. ಕಂಪಲಾಪುರದಲ್ಲಿ ನನ್ನ ಶಾಲೆಯ ಹುಡುಗಿಯೊಬ್ಬಳ ತಂಗಿ ಹಾಗೇ ಊದಿಕೊಂಡಿದ್ದಾಳೆಂದು ತಿಳಿದು ಶನಿವಾರ ಮಧ್ಯಾಹ್ನ ಹೋದೆ. ತಡವಾಗಿತ್ತು. ಮಗುವಿಗೆ ಜ್ವರವೂ ಕೂಡಿತ್ತು, ನುಂಗುವ ಶಕ್ತಿಯೂ ಇರಲಿಲ್ಲ. ನಾನು ಒಯ್ದ ಹಿಟ್ಟಿನ ಡಬ್ಬಿ ಅವರ ಮನೆಯ ಗೂಡಿನಲ್ಲೇ ಉಳಿಯಿತು. ಮಗು ಉಳಿಯಲಿಲ್ಲ. ಸೋಮವಾರ ಆ ಹುಡುಗಿ ಶಾಲೆಗೆ ಬರಲಿಲ್ಲ. ನನಗೂ ಪಾಠ ಹೇಳಲಾಗಲಿಲ್ಲ, ಮಕ್ಕಳಿಗೆ ಲೆಕ್ಕ ಕೊಟ್ಟು ಕಿಟಕಿಯ ಹತ್ತಿರ ನಿಂತಿದ್ದೆ.

ತಡವಾಗಬಾರದೆಂದರೆ ಊದುವ ಮುಂಚೆಯೇ ಹೋಗಬೇಕು. ಅಷ್ಟು ಮಾತ್ರ ಅವತ್ತು ಸ್ಪಷ್ಟವಾಯಿತು. ಅದೇ ವಾರ ಶಾಲೆಯ ಹುಡುಗಿಯರನ್ನೆಲ್ಲ ನಿಲ್ಲಿಸಿ, ಯಾರ ಮನೆಯಲ್ಲಿ ಮೊಲೆ ಬಿಟ್ಟ ಮಗುವಿದೆ, ಯಾರ ಅವ್ವ ಮತ್ತೆ ಬಸುರಿ ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದುಕೊಂಡೆ. ಹನ್ನೊಂದು ಮನೆಗಳಾದವು. ಶನಿವಾರ ಶಾಲೆ ಬಿಟ್ಟ ಮೇಲೆ, ಹಿಟ್ಟಿನ ಚೀಲ ಹೆಗಲಿಗೆ ಹಾಕಿಕೊಂಡು, ಹತ್ತಿರದ ಮನೆಯಿಂದ ಶುರುಮಾಡಿದೆ.